ತಗಡಿನೊಳಗೆ ಒಂದು ಗೋಲಿ

ಮಾರ್ಚ್ ೪, ಮಂಗಳವಾರ

ಈ ಪುಸ್ತಕದ ಲೋಕಾರ್ಪಣೆಯನ್ನು ನಾನೇ ನೆರವೇರಿಸಿದ್ದೇನೆ. ಮುಖ್ಯ ಅತಿಥಿಯೂ ನಾನೇ, ವಂದನಾರ್ಪಣೆಯೂ ನನ್ನದೇ. ಡಿಪ್ಲೊಮಾದ ಒಂದೇ ಒಂದು ವಿಷಯ ನನ್ನ ಪ್ರತಿಭೆಯನ್ನು ತಾಳಲಾರದೆ ಕೈಕೊಟ್ಟಿದ್ದರಿಂದ, ಮರುಪರೀಕ್ಷೆಯವರೆಗೆ ನನ್ನನ್ನು ದೊಡ್ಡಪ್ಪನ ಸ್ಕೂಟರ್ ಗ್ಯಾರೇಜಿಗೆ ಗಡೀಪಾರು ಮಾಡಲಾಗಿದೆ. “ಕೈಗೆ ಸ್ವಲ್ಪ ಮಸಿ ಹತ್ತಲಿ, ಆಗ ತಲೆಗೂ ಏನಾದ್ರೂ ಹತ್ತಬಹುದು” ಎಂಬುದು ಅಪ್ಪನ ತೀರ್ಪು. ಮೇಲ್ಮನವಿಗೆ ಅವಕಾಶವಿಲ್ಲ.

ದೊಡ್ಡಪ್ಪ ಹಳೆಯ ಸ್ಕೂಟರುಗಳ ವೈದ್ಯರು. ಅವರ ಸ್ಟೆತಾಸ್ಕೋಪ್ ಎಂದರೆ ಮೊಳದುದ್ದದ ಒಂದು ಸ್ಕ್ರೂಡ್ರೈವರ್. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೂ ಮರದ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಒಳಗಿನಿಂದ ದೊಡ್ಡಮ್ಮ ಊಟಕ್ಕೂ ಕರೆಯುವುದಿಲ್ಲ. ಮೂವತ್ತೊಂದು ವರ್ಷದಿಂದ ಆ ಕಿವಿ ಸುಳ್ಳು ಹೇಳಿಲ್ಲವಂತೆ. ಹೇಳಿದವರು ದೊಡ್ಡಪ್ಪನೇ, ಆದ್ದರಿಂದ ಸಾಕ್ಷಿ ಪ್ರಬಲವಾಗಿದೆ.

ಇಂದಿನ ರೋಗಿ ಡ್ರಾಯಿಂಗ್ ಮೇಷ್ಟ್ರ ಸ್ಕೂಟರ್. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯದು, ಮೇಷ್ಟ್ರಿಗಿಂತ ಸ್ವಲ್ಪ ಕಿರಿಯದು. ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡದ ಎರಡೂ ಬದಿಯ ಬೇರಿಂಗ್ ಸವೆದಿವೆ. ಹೊಸದನ್ನು ಆರಿಸಲು ಬೇರಿಂಗ್ ಅಂಗಡಿಯ ಅಕ್ಕನ ಬಳಿಗೆ ಹೋದೆವು. ಅಕ್ಕ ಗಲ್ಲಾದ ಮೇಲೆ ಬಟ್ಟೆ ಹಾಸಿ, ಒಡವೆ ತೋರಿಸುವವರಂತೆ ಒಂದೊಂದನ್ನೇ ಬಿಚ್ಚಿಟ್ಟರು. ಒಂದಕ್ಕೆ ಎರಡೂ ಕಡೆ ರಬ್ಬರ್ ಮುಚ್ಚಳವಿತ್ತು.

“ಇದು ಯಾಕೆ ಬೇಡ ಹೇಳೇ ತರಲೆ” ಎಂದರು ದೊಡ್ಡಪ್ಪ. ತರಲೆ ಎಂಬುದು ಈ ಮನೆಯಲ್ಲಿ ನನಗೆ ದೊರೆತಿರುವ ಬಿರುದು.

“ಧೂಳು ಹೋಗಲ್ಲವಲ್ಲ ದೊಡ್ಡಪ್ಪ, ಇದೇ ಒಳ್ಳೇದು.”

“ಧೂಳೂ ಹೋಗಲ್ಲ, ಎಣ್ಣೆನೂ ಹೋಗಲ್ಲ. ಈ ಬೇರಿಂಗಿಗೆ ಅಂತ ಬೇರೆ ಎಣ್ಣೆ ಇಲ್ಲ ಕಣೆ. ಪೆಟ್ರೋಲಲ್ಲಿ ಬೆರೆಸಿದ ಎಣ್ಣೆನೇ ಹಬೆ ಥರ ಬಂದು ಇದರ ಮೈಮೇಲೆ ಕೂರಬೇಕು. ಬಾಗಿಲು ಹಾಕ್ಕೊಂಡು ಕೂತೋರಿಗೆ ಯಾರು ಬಡಿಸ್ತಾರೆ?”

ಉಳಿದವು ಎರಡು, ನೋಡಲು ಅವಳಿಜವಳಿ. ಬೆರಳಲ್ಲಿ ತಿರುಗಿಸಿ ಕಿವಿಗೆ ಹಿಡಿದರೆ ಒಂದು ಮೌನಿ, ಇನ್ನೊಂದು ‘ಚಿರ್ರ್’ ಎಂದು ಸಣ್ಣಗೆ ಗೊಣಗುತ್ತದೆ. ನಾನು ನ್ಯಾಯಾಧೀಶೆಯಂತೆ ಮೌನಿಯ ಕಡೆ ಬೆರಳು ತೋರಿಸಿದೆ. ಇಬ್ಬರೂ ನಕ್ಕರು.

“ಅದು ಬಿಗಿಯದ್ದು” ಎಂದರು ದೊಡ್ಡಪ್ಪ. “ಇಂಜಿನ್ ಕಾದಾಗ ಒಳಗಿರೋದೆಲ್ಲ ಹಿಗ್ಗುತ್ತೆ. ಈಗಲೇ ಜಾಗ ಇಲ್ಲದೋನು ಆಗೇನು ಮಾಡ್ತಾನೆ? ಕ್ರ್ಯಾಂಕನ್ನೇ ಹಿಡ್ಕೊಂಡುಬಿಡ್ತಾನೆ. ಓಡ್ತಿರೋ ಗಾಡಿಯ ಹಿಂದಿನ ಚಕ್ರ ನಿಂತುಬಿಡುತ್ತೆ. ಸಡಿಲದ್ದು ತಣ್ಣಗಿದ್ದಾಗ ಗೊಣಗುತ್ತೆ, ಕಾದಮೇಲೆ ಸುಮ್ಮನಾಗುತ್ತೆ.”

“ನಮ್ಮ ಯಜಮಾನ್ರು ಉಲ್ಟಾ” ಎಂದರು ಅಕ್ಕ. “ಕಾದಮೇಲೇ ಶುರು.”

ಸಡಿಲದ್ದೇ ಒಂದು ಜೊತೆ ಬಂತು. ಮೌನಿ ಡಬ್ಬಕ್ಕೆ ಮರಳಿದ.

ಮಾರ್ಚ್ ೬, ಗುರುವಾರ

ಇಂದು ಬೇರಿಂಗ್ ಮಹಾಶಯರ ಗೃಹಪ್ರವೇಶ. ಬೆಳಗಿನಿಂದ ಇಬ್ಬರೂ ಫ್ರಿಜ್ಜಿನ ಐಸ್ ಗೂಡಿನಲ್ಲಿ ಚಳಿ ಕುಡಿಯುತ್ತಿದ್ದರು. ತಣ್ಣಗಾದರೆ ಕೂದಲೆಳೆಯಷ್ಟು ಕುಗ್ಗುತ್ತಾರಂತೆ. ನಾನು ಫ್ರಿಜ್ಜಿನ ಬಾಗಿಲಿಗೆ ‘ಗಣ್ಯರು ವಿಶ್ರಾಂತಿಯಲ್ಲಿದ್ದಾರೆ, ಸದ್ದು ಮಾಡಬಾರದು’ ಎಂಬ ಫಲಕ ಹಚ್ಚಿದೆ. ದೊಡ್ಡಮ್ಮ ಅದನ್ನು ಕಿತ್ತು ನನ್ನ ಬೆನ್ನಿಗೇ ಅಂಟಿಸಿದರು. “ಐಸ್ ಇಡೋ ಜಾಗದಲ್ಲಿ ಸ್ಕೂಟರ್ ಇಡೋ ಮನೆ ಇದೊಂದೇ. ಅದಕ್ಕೆ ಸರಿಯಾಗಿ ನೀನೊಬ್ಬಳು ಬಂದೆ.”

ಇತ್ತ ಒಲೆಯ ಮೇಲೆ ಇಂಜಿನ್ನಿನ ಚಿಪ್ಪು ಕಾಯುತ್ತಿತ್ತು. ದೊಡ್ಡಪ್ಪ ಒಂದು ಹನಿ ನೀರು ಚಿಮುಕಿಸಿದರು, ಹನಿ ಕುಣಿಯಿತು. ಐಸಿನಂಥ ಬೇರಿಂಗನ್ನು ಬಟ್ಟೆಯಲ್ಲಿ ಹಿಡಿದು ಚಿಪ್ಪಿನೊಳಗಿನ ಅದರ ಗೂಡಿನ ಮೇಲಿಟ್ಟರು. ‘ಟಪ್’. ಸುತ್ತಿಗೆ ಬೇಡ, ಬೈಗುಳ ಬೇಡ, ತಾನೇ ಇಳಿದು ಕೂತಿತು. ಒಪ್ಪಿಕೊಳ್ಳುತ್ತೇನೆ, ಚೆನ್ನಾಗಿತ್ತು.

ಆಮೇಲೆ ಅದರ ಗುಂಡುಗಳ ಮೇಲೆ ಎಣ್ಣೆ ಸುರಿದು, ನಿಧಾನವಾಗಿ ಬೆರಳಲ್ಲಿ ಸುತ್ತಲು ನನಗೆ ಹೇಳಿದರು. “ಒಣ ಬೇರಿಂಗ್ ಮೇಲೆ ಮೊದಲ ಕಿಕ್ ಹೊಡೀಬಾರದು. ಪೆಟ್ರೋಲಿನ ಎಣ್ಣೆ ಬಂದು ಮುಟ್ಟೋವರೆಗೂ ಅದಕ್ಕೆ ಏನಾದ್ರೂ ಆಸರೆ ಬೇಕು.”

ಸವೆದ ಹಳೆಯ ಬೇರಿಂಗನ್ನು ಒಡೆದಾಗ ಉಕ್ಕಿನ ಗೋಲಿಗಳು ಉದುರಿದವು. ಬಟಾಣಿಯಷ್ಟು ದಪ್ಪ. ಒಂದನ್ನು ಜೇಬಿಗೆ ಹಾಕಿಕೊಂಡೆ. ಇಂಥ ವಸ್ತು ಯಾವುದಾದರೊಂದು ಮಹತ್ಕಾರ್ಯಕ್ಕೆ ಬಂದೇ ಬರುತ್ತದೆ.

ಮಾರ್ಚ್ ೮, ಶನಿವಾರ

ಮಹತ್ಕಾರ್ಯ ನಡೆಯಿತು.

ಬರೆಯಲು ಮನಸ್ಸಿಲ್ಲ, ಆದರೂ ಕ್ರಮವಾಗಿ ಬರೆಯುತ್ತೇನೆ.

ಹತ್ತು ಗಂಟೆಗೆ ಇಂಜಿನ್ ಎರಡನೇ ಕಿಕ್ಕಿಗೇ ಓಡಿತು. ದೊಡ್ಡಪ್ಪ ಕಿವಿಯಿಟ್ಟು ಕೇಳಿ, ಕಣ್ಣು ಮುಚ್ಚಿಕೊಂಡೇ “ರೇಷ್ಮೆ” ಎಂದರು. ಸಂಜೆ ಮೇಷ್ಟ್ರು ಬರುತ್ತಾರೆ, ಅಷ್ಟರಲ್ಲಿ ಕಾಫಿ ಎಂದು ಒಳಗೆ ಹೋದರು. ನಾನು ಸಿಲಿಂಡರ್ ಮೇಲಿನ ತಗಡಿನ ಹೊದಿಕೆಯ ಎರಡು ಸ್ಕ್ರೂ ಬಿಚ್ಚಿ, ಫ್ಯಾನಿಗೆ ತಗುಲದಂತೆ ಮೂಲೆಯಲ್ಲಿ ಆ ಗೋಲಿಯನ್ನಿಟ್ಟು ಮುಚ್ಚಿದೆ. ಯೋಜನೆ ಹೀಗಿತ್ತು: ದೊಡ್ಡಪ್ಪ ಮತ್ತೆ ಇಂಜಿನ್ ಚಾಲೂ ಮಾಡುವುದು, ‘ಕಿಟಿಕಿಟಿ’ ಕೇಳಿ ಬೆಚ್ಚುವುದು, ಐದು ನಿಮಿಷ ತಲೆ ಕೆರೆದುಕೊಳ್ಳುವುದು, ನಾನು ತಟ್ಟೆಯಲ್ಲಿ ಗೋಲಿಯನ್ನಿಟ್ಟು ‘ಶಸ್ತ್ರಚಿಕಿತ್ಸೆ ಯಶಸ್ವಿ’ ಎಂದು ಅರ್ಪಿಸುವುದು, ಎಲ್ಲರೂ ನಗುವುದು.

ಮೇಷ್ಟ್ರು ಸಂಜೆಯ ಬದಲು ಆಗಲೇ ಬಂದುಬಿಟ್ಟರು.

ದೊಡ್ಡಪ್ಪ ಹೆಮ್ಮೆಯಿಂದ ಅವರೆದುರಿಗೇ ಕಿಕ್ ಹೊಡೆದರು. ಕಿಟಿಕಿಟಿ. ಸ್ಕ್ರೂಡ್ರೈವರನ್ನು ಬೇರಿಂಗಿನ ಜಾಗಕ್ಕೆ ಒತ್ತಿದರು. ಅವರ ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಇಂಜಿನ್ ಆರಿಸಿ, ಒರೆಸುವ ಬಟ್ಟೆಯಲ್ಲಿ ಶುಭ್ರವಾಗಿದ್ದ ಕೈಯನ್ನೇ ಮತ್ತೆ ಒರೆಸಿಕೊಂಡು, “ತಪ್ಪಾಯ್ತು ಮೇಷ್ಟ್ರೇ. ಬೇರಿಂಗ್ ಆರಿಸೋದ್ರಲ್ಲಿ ಎಡವಿದೀನಿ. ಈ ಗಾಡಿ ಕೊಡಲಾರೆ” ಎಂದರು.

“ಅಯ್ಯೋ, ಅದಕ್ಯಾಕೆ ಇಷ್ಟು ಬೇಜಾರು? ಮಗಳ ಮನೆಗೆ ಮುಂದಿನ ಸಲ ಹೋದ್ರಾಯ್ತು” ಎಂದರು ಮೇಷ್ಟ್ರು. ಮಗಳ ಮನೆ ಗುಡ್ಡದಾಚೆ. ಗಾಡಿಯಲ್ಲಿ ಮುಂದೆ ಇವರು, ಹಿಂದೆ ಇವರ ಹೆಂಡತಿ.

ಆಗ ಹೇಳಬಹುದಿತ್ತು. ಮೇಷ್ಟ್ರೆದುರು ದೊಡ್ಡಪ್ಪನ ಮುಖ ಏನಾಗಬೇಡ, ಅವರು ಹೋದಮೇಲೆ ಹೇಳೋಣ ಎಂದುಕೊಂಡೆ. ದೊಡ್ಡಪ್ಪ ಅವರನ್ನು ಗೇಟಿನವರೆಗೆ ಬಿಡಲು ಹೋದಾಗ ನಾನು ಹೊದಿಕೆ ಬಿಚ್ಚಿ ಗೋಲಿಯನ್ನು ಜೇಬಿಗೆ ಸೇರಿಸಿದೆ.

ವಾಪಸ್ ಬಂದವರು, “ಹೊದಿಕೆ ಆಗಲೇ ಬಿಚ್ಚಿದ್ಯಾ? ಜಾಣೆ. ಬಾ, ಇಂಜಿನ್ ಇಳಿಸೋಣ” ಎಂದರು.

ಜಾಣೆ ಇಂಜಿನ್ ಇಳಿಸಲು ಕೈ ಕೊಟ್ಟಳು.

ಮಾರ್ಚ್ ೧೦, ಸೋಮವಾರ

ಇಂಜಿನ್ ಹೋಳಾಗಿದೆ. ಬೇರಿಂಗುಗಳನ್ನು ಬಡಿದು ತೆಗೆದರು. ಬಡಿದು ತೆಗೆದದ್ದನ್ನು ಮತ್ತೆ ಹಾಕುವಂತಿಲ್ಲವಂತೆ. ನಾಲ್ಕು ದಿನದ ಹಿಂದೆ ತಾವಾಗಿ ಇಳಿದು ಕೂತಿದ್ದವು.

ದೊಡ್ಡಪ್ಪ ಅವನ್ನು ಪೆಟ್ರೋಲಲ್ಲಿ ತೊಳೆದು, ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದರು. ಬಲಗಿವಿಗೆ ಹಿಡಿದು ತಿರುಗಿಸಿದರು. ಎಡಗಿವಿಗೆ ಹಿಡಿದು ತಿರುಗಿಸಿದರು. ನನ್ನ ಕಿವಿಗೂ ಹಿಡಿದರು.

“ಏನಾದ್ರೂ ಕೇಳ್ತಿದೆಯಾ?”

“ಇಲ್ಲ ದೊಡ್ಡಪ್ಪ.”

“ನನಗೂ ಇಲ್ಲ. ಹಾಗಾದ್ರೆ ಶನಿವಾರ ಕೇಳಿಸಿದ್ದೇನು?”

ನಾನು ನೆಲ ನೋಡಿದೆ. ನೆಲದ ಮೇಲೆ ಎಣ್ಣೆಯ ಕಲೆ ಇತ್ತು. ಅದರ ವಿವರಣೆಯನ್ನು ಎಷ್ಟು ಬೇಕಾದರೂ ಬರೆಯಬಲ್ಲೆ.

ಮಾರ್ಚ್ ೧೩, ಗುರುವಾರ

ಘನತೆವೆತ್ತ ದೊಡ್ಡಮ್ಮನವರು ದೊಡ್ಡಪ್ಪನನ್ನು ಕಿವಿ ಡಾಕ್ಟರ ಬಳಿ ಎಳೆದೊಯ್ದರು. ಪರೀಕ್ಷೆಯ ಕೋಣೆಯಲ್ಲಿ ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಕೈ ಎತ್ತಿ ಎಂದರಂತೆ. “ಒಳ್ಳೇ ಹುಡುಗನ ಥರ ಕೈ ಎತ್ತಿದ್ರು, ನಮ್ಮತ್ರ ಯಾವತ್ತಾದ್ರೂ ಹೀಗೆ ಮಾತು ಕೇಳಿದಾರಾ?” ಎಂದು ದೊಡ್ಡಮ್ಮ ನಕ್ಕರು. ನಾನೂ ನಗಬೇಕೆಂದು ಪ್ರಯತ್ನಪಟ್ಟೆ.

ಡಾಕ್ಟರು ‘ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ’ ಎಂದರಂತೆ. ದೊಡ್ಡಪ್ಪ ಅದರಲ್ಲಿ ಮೊದಲ ಎರಡು ಪದವನ್ನು ಮಾತ್ರ ಮನೆಗೆ ತಂದಿದ್ದಾರೆ.

ಮಧ್ಯಾಹ್ನ ಹಾಲಿನವನ ಗಾಡಿ ಬಂದಿತ್ತು. ದೊಡ್ಡಪ್ಪ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟರು. “ಇನ್ಮೇಲೆ ನೀನೇ ಕೇಳು. ನಿನ್ನ ಕಿವಿ ಎಳೇದು. ನಾನು ಕೇಳಿದ್ರೆ ಇಲ್ಲದ್ದೆಲ್ಲ ಕೇಳಿಸುತ್ತೆ.”

ಹಿಡಿ ಅವರ ಕೆನ್ನೆಯ ಎಣ್ಣೆ ಕುಡಿದು ಕಪ್ಪಗಾಗಿದೆ. ಕಿವಿಗಿಟ್ಟುಕೊಂಡೆ. ಮೊದಲು ಬರೀ ಗದ್ದಲ. ಆಮೇಲೆ ಗದ್ದಲದೊಳಗೆ ಬೇರೆಬೇರೆಯಾಗಿ ಕೇಳಿಸತೊಡಗಿತು: ಪಿಸ್ಟನ್ನಿನ ಟಕಟಕ, ಚೈನಿನ ಸರಸರ, ಎಲ್ಲೋ ಒಳಗೆ ಒಂದೇ ಸಮನೆ ಉಸಿರಿನಂಥದ್ದು. “ಚೈನ್ ಜೋಲುಬಿದ್ದಿದೆ ಅನ್ಸುತ್ತೆ” ಎಂದೆ. ಬಿಚ್ಚಿ ನೋಡಿದರು. ಹೌದಾಗಿತ್ತು.

“ನೋಡಿದ್ಯಾ” ಎಂದರು ದೊಡ್ಡಮ್ಮನಿಗೆ. “ನನಗಿಂತ ಇವಳೇ ವಾಸಿ.”

ಭೂಮಿ ಬಾಯಿ ಬಿಡಬಾರದೆ ಎಂದು ಕಥೆಗಳಲ್ಲಿ ಓದಿ ನಗುತ್ತಿದ್ದೆ.

ಮಾರ್ಚ್ ೧೪, ಶುಕ್ರವಾರ

ಹೇಳಲಿಲ್ಲ.

ಮಾರ್ಚ್ ೧೫, ಶನಿವಾರ

‘ಸನ್ಮಾನ್ಯ ನ್ಯಾಯಪೀಠದ ಮುಂದೆ ಅಪರಾಧಿಯು ನಡುಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದು ಒಂದು ಪತ್ರ ಬರೆದೆ. ಮುಕ್ಕಾಲು ಪುಟ. ತಮಾಷೆಯಾಗಿತ್ತು. ಓದಿದವರು ನಕ್ಕು ಕ್ಷಮಿಸಲೇಬೇಕು, ಹಾಗಿತ್ತು. ಅದಕ್ಕೇ ಹರಿದುಹಾಕಿದೆ.

ಮಾರ್ಚ್ ೧೮, ಮಂಗಳವಾರ

ಮತ್ತೆ ಬೇರಿಂಗ್ ಅಂಗಡಿ. ಅಕ್ಕ ಕೇಳುವ ಮೊದಲೇ ಸಡಿಲದ್ದರ ಡಬ್ಬ ತೆಗೆದರು.

“ಅದು ಬೇಡಮ್ಮ. ಬಿಗಿಯದ್ದು ಕೊಡು” ಎಂದರು ದೊಡ್ಡಪ್ಪ.

ಅಕ್ಕ ಡಬ್ಬವನ್ನು ಕೈಯಲ್ಲೇ ಹಿಡಿದು ನಿಂತರು. “ಅಣ್ಣಾ, ಇದಕ್ಕೆ ಸಡಿಲದ್ದೇ ಹಾಕ್ಬೇಕು ಅಂತ ನನಗೆ ಹೇಳಿಕೊಟ್ಟಿದ್ದೇ ನೀವು.”

“ಹೇಳಿದ್ದೆ. ಹಾಕಿದೆ. ಸದ್ದು ಮಾಡ್ತಲ್ಲ? ಎರಡನೇ ಸಲ ಮೇಷ್ಟ್ರ ಮುಂದೆ ತಲೆ ತಗ್ಗಿಸೋಕೆ ನನ್ನಿಂದಾಗಲ್ಲ. ಸದ್ದು ಮಾಡದೇ ಇರೋದು ಕೊಡು.”

ಅಕ್ಕ ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ದಾರಿಯಲ್ಲಿ “ದೊಡ್ಡಪ್ಪ, ಬಿಗಿಯದ್ದು ಕಾದಾಗ ಹಿಡ್ಕೊಳ್ಳಲ್ವಾ?” ಎಂದು ಕೇಳಿದೆ. ಅಷ್ಟಾದರೂ ಕೇಳಿದೆ.

“ಎಣ್ಣೆ ಸ್ವಲ್ಪ ಜಾಸ್ತಿ ಬೆರೆಸೋಣ. ನನ್ನ ಹಳೇ ಲೆಕ್ಕ ತಪ್ಪು ಅಂತ ಗೊತ್ತಾಯ್ತಲ್ಲ.” ಸ್ವಲ್ಪ ದೂರ ನಡೆದ ಮೇಲೆ, “ಈ ಗಾಡಿ ಮುಗಿಸಿ ಇಂಜಿನ್ ಕೆಲಸ ಬಿಟ್ಟುಬಿಡ್ತೀನಿ. ಪಂಕ್ಚರು, ಬ್ರೇಕು ಸಾಕು. ಅದಕ್ಕೆ ಕಿವಿ ಬೇಕಾಗಿಲ್ಲ” ಎಂದರು. ಹವಾಮಾನದ ಸುದ್ದಿ ಹೇಳಿದ ಹಾಗೆ.

ಮಾರ್ಚ್ ೨೧, ಶುಕ್ರವಾರ

ಇಂಜಿನ್ ಮುಚ್ಚಿದರು. ಫ್ರಿಜ್ಜಿಗೆ ಫಲಕವಿಲ್ಲ. “ಯಾಕೇ, ಹುಷಾರಿಲ್ವಾ?” ಎಂದು ದೊಡ್ಡಮ್ಮ ಹಣೆ ಮುಟ್ಟಿ ನೋಡಿದರು.

ಗಾಡಿ ಓಡಿತು. ಒಂದು ಚೂರೂ ಗೊಣಗಾಟವಿಲ್ಲ, ಹೊಸ ಫ್ಯಾನಿನ ಹಾಗೆ. ಎಣ್ಣೆ ಜಾಸ್ತಿಯಾಗಿ ಸೈಲೆನ್ಸರಿನಿಂದ ಹೊಗೆ ಬೀದಿಯುದ್ದಕ್ಕೂ ಹಬ್ಬಿತು. ಎದುರುಮನೆಯ ಅಜ್ಜಿ ಕಿಟಕಿ ಹಾಕಿಕೊಂಡರು.

ದೊಡ್ಡಪ್ಪ ಕೇಳಲು ಬರಲಿಲ್ಲ. ದೂರದಲ್ಲೇ ನಿಂತು, “ಹೇಗಿದೆ?” ಎಂದು ನನ್ನನ್ನು ಕೇಳಿದರು.

“ಸದ್ದಿಲ್ಲ” ಎಂದೆ. ಅದು ನಿಜ.

ಸೋಮವಾರ ಮೇಷ್ಟ್ರು ಬಂದು ಒಯ್ಯುತ್ತಾರೆ. ಮುಂದಿನ ಭಾನುವಾರ ಇಬ್ಬರೂ ಗುಡ್ಡದ ರಸ್ತೆಯಲ್ಲಿ ಮಗಳ ಮನೆಗೆ. ನಾಳೆ ನಾನು ಗಾಡಿಯನ್ನು ಒಂದು ಸುತ್ತು ಓಡಿಸಿ ಬರಬೇಕು.

ಮಾರ್ಚ್ ೨೨, ಶನಿವಾರ

ಕೆರೆ ಏರಿ ದಾಟಿ ಹೊರವಲಯದ ರಸ್ತೆ ಹಿಡಿದೆ. ಹತ್ತು ನಿಮಿಷ ಏನೂ ಇಲ್ಲ. ಹದಿನೈದು ನಿಮಿಷಕ್ಕೆ ಇಂಜಿನ್ನಿನ ದನಿ ಸ್ವಲ್ಪ ತೆಳುವಾಯಿತು. ತಿಂಗಳ ಹಿಂದೆ ನನಗೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಒಳಗೆ ಉಸಿರಿನಂಥ ಸದ್ದು ಇರುತ್ತದಲ್ಲ, ಅದು ಸಿಳ್ಳೆಯಂತಾಗುತ್ತಿತ್ತು. ಆಕ್ಸಿಲರೇಟರ್ ತಿರುಗಿಸಿದರೂ ಗಾಡಿ ಮುಂದೆ ಹೋಗಲು ಹಿಂಜರಿಯಿತು, ಯಾರೋ ಹಿಂದಿನಿಂದ ಸೆರಗು ಹಿಡಿದ ಹಾಗೆ. ಕ್ಲಚ್ ಹಿಡಿದೆ. ಅದೇ ಕ್ಷಣ ಇಂಜಿನ್ ‘ಗಕ್’ ಎಂದು ನಿಂತಿತು. ಚಕ್ರ ಮಾತ್ರ ಉರುಳುತ್ತಾ ನನ್ನನ್ನು ರಸ್ತೆಯ ಅಂಚಿಗೆ ತಂದಿತು.

ಕಿಕ್ಕರ್ ಮೇಲೆ ನಿಂತರೂ ಅದು ಇಳಿಯಲಿಲ್ಲ.

ಮೈಲುಗಲ್ಲಿನ ಮೇಲೆ ಕೂತೆ. ಕ್ಲಚ್ ಹಿಡಿಯದಿದ್ದರೆ ಎಂದು ಯೋಚಿಸಿದೆ. ಆಮೇಲೆ ನನ್ನನ್ನು ತೆಗೆದು ಮೇಷ್ಟ್ರನ್ನು ಕೂರಿಸಿ ಯೋಚಿಸಿದೆ. ಹಿಂದೆ ಅವರ ಹೆಂಡತಿಯನ್ನು ಕೂರಿಸಿ, ಇಳಿಜಾರಿನಲ್ಲಿ ಯೋಚಿಸಿದೆ.

ಅರ್ಧ ಗಂಟೆಗೆ ಇಂಜಿನ್ ತಣ್ಣಗಾಗಿ ಬಿಟ್ಟುಕೊಟ್ಟಿತು. ಆದರೂ ಮನೆಯವರೆಗೆ ತಳ್ಳಿಕೊಂಡೇ ಬಂದೆ.

‘ಬಿಗಿಯದ್ದು ಬೇಡ, ಸಡಿಲದ್ದು ಹಾಕಿ’ ಎಂದಷ್ಟೇ ಹೇಳಿದರೆ ಸಾಕೇ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಸಾಲದು. ಸಡಿಲದ್ದು ಸದ್ದು ಮಾಡಿತಲ್ಲ ಎನ್ನುತ್ತಾರೆ. ಅದು ಸದ್ದು ಮಾಡಲಿಲ್ಲ ಎನ್ನಬೇಕಾದರೆ ಯಾವುದು ಮಾಡಿತು ಎಂದು ಹೇಳಬೇಕು.

ದೊಡ್ಡಪ್ಪ ಊಟಕ್ಕೆ ಕೂತಿದ್ದರು. ತಳ್ಳಿಕೊಂಡು ಬಂದದ್ದನ್ನು ನೋಡಿ ಅರ್ಧಕ್ಕೇ ಎದ್ದು ಬಂದರು.

“ಹಿಡ್ಕೊಳ್ತಾ? ನಿನಗೇನಾಗ್ಲಿಲ್ಲ ತಾನೇ?”

“ಇಲ್ಲ.”

“ಆರಿಸೋದೂ ಹೋಯ್ತು ನನಗೆ” ಎಂದು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಎಂಜಲುಗೈ ಹಾಗೇ ಇತ್ತು.

ಜೇಬಿನಿಂದ ಗೋಲಿ ತೆಗೆದು ಅವರ ಇನ್ನೊಂದು ಅಂಗೈಯಲ್ಲಿಟ್ಟೆ. “ಅವತ್ತಿನ ಸದ್ದು ಇದರದ್ದು. ತಗಡಿನ ಕೆಳಗೆ ನಾನಿಟ್ಟಿದ್ದೆ. ಆಮೇಲೆ ನಾನೇ ತೆಗೆದೆ.”

ಅವರು ಗೋಲಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಎದ್ದರು. ಬೈಯಲಿಲ್ಲ. ಕೈ ತೊಳೆದುಕೊಂಡು ಬಂದು, ಹೊದಿಕೆ ಬಿಚ್ಚಿ, ಗೋಲಿಯನ್ನು ತಾವೇ ಒಳಗಿಟ್ಟು ಮುಚ್ಚಿ ಕಿಕ್ ಹೊಡೆದರು. ಕಿಟಿಕಿಟಿ. ಸ್ಕ್ರೂಡ್ರೈವರ್ ಕೇಳಿದರು, ಕೊಟ್ಟೆ. ಬೇರಿಂಗಿನ ಮೇಲಿಟ್ಟರು. ಅಲ್ಲಿಂದ ಮೇಲೆ ಸರಿಸಿದರು, ಎಡಕ್ಕೆ ಸರಿಸಿದರು, ತಗಡಿನ ಮೇಲಿಟ್ಟು ಕಣ್ಣು ತೆರೆದರು. ಅರ್ಧ ನಿಮಿಷವೂ ಆಗಿರಲಿಲ್ಲ.

“ಇಲ್ಲಿದೆ.” ಇಂಜಿನ್ ಆರಿಸಿದರು. “ಅವತ್ತು ಇಲ್ಲಿಗೆ ಬರಲೇ ಇಲ್ಲ ನಾನು. ಮೇಷ್ಟ್ರು ನಿಂತಿದ್ರು ಅಂತ ಒಂದೇ ಕಡೆ ಇಟ್ಟು ತೀರ್ಮಾನ ಮಾಡಿಬಿಟ್ಟೆ. ಅದು ನನ್ನ ತಪ್ಪು.”

ನಾನು ಏನೋ ಹೇಳಲು ಹೋದೆ.

“ಇಟ್ಟದ್ದು ತಮಾಷೆ. ಜೇಬಿಗೆ ಹಾಕ್ಕೊಂಡು ಎರಡು ವಾರ ತಿರುಗಾಡಿದ್ದು ನಿಂದು. ಅದನ್ನ ನಾನು ಹೊರಲ್ಲಮ್ಮ.”

ತರಲೆ ಎನ್ನಲಿಲ್ಲ. ಅಮ್ಮ ಎಂದರು.

ಮಾರ್ಚ್ ೨೪, ಸೋಮವಾರ

ಮೇಷ್ಟ್ರ ಮನೆಗೆ ಒಬ್ಬಳೇ ಹೋಗಿ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು “ಇನ್ನೊಂದ್ಸಲ ನಿಧಾನವಾಗಿ ಹೇಳು” ಎಂದರು. ಇನ್ನೊಂದು ಸಲ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ.

ಅವರ ಹೆಂಡತಿ ಬಾಗಿಲ ಬಳಿ ನಿಂತಿದ್ದರು. “ಹಿಂದಿನ ಸೀಟಲ್ಲಿ ಕೂರೋಳು ನಾನಲ್ವೇನಮ್ಮ?” ಎಂದರು. ಅಷ್ಟೇ ಅಂದದ್ದು. ಕುಡಿಯಲು ನೀರು ಕೊಟ್ಟರು.

ಮಾರ್ಚ್ ೨೭, ಗುರುವಾರ

ದೊಡ್ಡಪ್ಪ ಸ್ಕ್ರೂಡ್ರೈವರನ್ನು ವಾಪಸ್ ತೆಗೆದುಕೊಂಡಿದ್ದಾರೆ. ಹಾಲಿನವನ ಗಾಡಿಗೆ ಕಿಕ್ ಹೊಡೆಯುವ ಮುಂಚೆ ನನ್ನ ಕಡೆ ತಿರುಗಿ, “ಕೈ ತೋರಿಸು” ಎಂದರು.

ಎರಡೂ ಅಂಗೈ ತೋರಿಸಿದೆ.

“ಜೇಬು.”

ಜೇಬನ್ನು ಹೊರಗೆಳೆದು ತೋರಿಸಿದೆ. ಹಾಲಿನವನು ಏನೆಂದು ಕೇಳಿದ. “ನಮ್ಮ ಗ್ಯಾರೇಜಿನ ಪದ್ಧತಿ” ಎಂದರು ದೊಡ್ಡಪ್ಪ.

ಮಾರ್ಚ್ ೩೧, ಸೋಮವಾರ

ಇವತ್ತು ಮೂರು ಗಾಡಿ. ಮೂರು ಸಲ ಕೈ ತೋರಿಸಿದೆ.

ಮೇಷ್ಟ್ರ ಗಾಡಿಗೆ ಬೇರಿಂಗ್ ತರಲು ನನ್ನೊಬ್ಬಳನ್ನೇ ಕಳಿಸಿದರು. “ನೀನೇ ಆರಿಸ್ಕೊಂಡು ಬಾ” ಎಂದರು, ಬೇರೆ ಮಾತಿಲ್ಲ. ಅಂಗಡಿಯಲ್ಲಿ ಅಕ್ಕ ಐದಾರು ಬಿಚ್ಚಿಟ್ಟರು. ಒಂದೊಂದನ್ನೂ ಕಿವಿಗೆ ಹಿಡಿದೆ, ಒಂದೇ ಕಡೆಯಲ್ಲ, ಎರಡೂ ಮಗ್ಗುಲು. ಗಿರಾಕಿಗಳು ಹಿಂದೆ ನಿಂತು ಗೊಣಗಿದರು. ಅವರನ್ನು ಕಾಯಿಸಿದೆ.

“ಅಣ್ಣ ಇಷ್ಟೇ ಹೊತ್ತು ತಗೊಳ್ತಿದ್ರು” ಎಂದರು ಅಕ್ಕ.

ಏಪ್ರಿಲ್ ೫, ಶನಿವಾರ

ಬೇರಿಂಗ್ ಗುರುವಾರವೇ ಇಳಿದಿತ್ತು. ‘ಟಪ್’ ಎಂದಾಗ ದೊಡ್ಡಪ್ಪ ಹೂಂ ಎಂದರು. ಎಣ್ಣೆ ಹಾಕಿ ಸುತ್ತಿದ್ದು ನಾನು. ಪೆಟ್ರೋಲಿಗೆ ಎಣ್ಣೆ ಮೊದಲಿನ ಅಳತೆಯಲ್ಲೇ ಬೆರೆಸಿದೆವು. ನಿನ್ನೆ ದೊಡ್ಡಪ್ಪ ತಾವೇ ಗಾಡಿಯನ್ನು ಗುಡ್ಡದ ರಸ್ತೆಗೆ ಒಯ್ದು, ಎರಡು ಗಂಟೆ ಓಡಿಸಿ, ಬೆವರೊರೆಸಿಕೊಳ್ಳುತ್ತಾ ಬಂದರು.

ಇಂದು ಮೇಷ್ಟ್ರು, ಅವರ ಹೆಂಡತಿ ಇಬ್ಬರೂ ಬಂದಿದ್ದರು. ಗಾಡಿ ರಾತ್ರಿಯೆಲ್ಲ ನಿಂತು ತಣ್ಣಗಿತ್ತು. ದೊಡ್ಡಪ್ಪ ಕಿಕ್ಕರ್ ಮೇಲೆ ಕಾಲಿಟ್ಟರು. ಕೈ ತೋರಿಸು ಎನ್ನಲಿಲ್ಲ. ಮರೆತರೋ ಏನೋ. ನಾನೇ ಎರಡೂ ಅಂಗೈ ಚಾಚಿ, ಜೇಬು ಹೊರಗೆಳೆದು, ಅವರ ಮುಂದೆ ನಿಂತೆ. ಮೇಷ್ಟ್ರ ಹೆಂಡತಿಗೂ ಕಾಣುವ ಹಾಗೆ.

ದೊಡ್ಡಪ್ಪ ನನ್ನ ಕೈ ನೋಡಿದರು. ಕಿಕ್ ಹೊಡೆದರು. ತಾವು ಮೊದಲು ಕೇಳಿದರು, ಬೇರಿಂಗಿನ ಎರಡೂ ಬದಿ, ಮೇಲೆ, ತಗಡಿನ ಮೇಲೆ, ಮೇಷ್ಟ್ರನ್ನು ಕಾಯಿಸಿ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯನ್ನು ನನ್ನ ಕಡೆ ಚಾಚಿದರು. ನಾನಿನ್ನೂ ಅಂಗೈ ಬಿಚ್ಚಿಕೊಂಡೇ ನಿಂತಿದ್ದೆ.

“ಕೈ ಯಾರು ಕೇಳಿದ್ರು? ಕಿವಿ ಕೊಡೇ ತರಲೆ.”

ಕೊಟ್ಟೆ. ಸ್ವಲ್ಪ ಗೊಣಗಾಟವಿತ್ತು. ತಣ್ಣಗಿರುವಾಗ ಇರಬೇಕಾದಷ್ಟೇ.